ಕ್ಲಿಪ್ ಬಿಗಿದರೆ ಸೋರಿಕೆ ನಿಂತೀತೆ?

ನಿಮ್ಮ ಹಳೆಯ ಪೆಟ್ರೋಲ್ ಜೀಪಿನಲ್ಲಿ ಪಂಪಿನಿಂದ ಕಾರ್ಬ್ಯುರೇಟರ್‌ಗೆ ಹೋಗುವ ಪೈಪು ಸೋರುತ್ತಿದೆ, ಕ್ಲಿಪ್ ಬಿಗಿಸಿದರೂ ವಾರದೊಳಗೆ ಮತ್ತೆ ವಾಸನೆ ಎಂದು ಬರೆದಿದ್ದೀರಿ. ದೋಷ ಕ್ಲಿಪ್ಪಿನದಲ್ಲ, ರಬ್ಬರಿನದು ಎಂಬುದಕ್ಕೆ ಆ ಒಂದು ವಾರವೇ ಸಾಕ್ಷಿ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ; ಹಳೆಯ ಕಾಲದ ರಬ್ಬರ್ ಅದನ್ನು ತಾಳುವಂತೆ ತಯಾರಾದದ್ದಲ್ಲ. ಅದು ಮೊದಲು ಉಬ್ಬಿ ಮೆತ್ತಗಾಗುತ್ತದೆ, ಒಣಗಿದಾಗ ಬಿರಿಯುತ್ತದೆ. ಬಿಗಿದಷ್ಟೂ ಕ್ಲಿಪ್ಪಿನ ಅಂಚು ಅದನ್ನು ಕೊಯ್ಯುತ್ತದೆ, ಅಷ್ಟೆ.

ಕಾರ್ಬ್ಯುರೇಟರ್ ಗಾಡಿಯಲ್ಲಿ ಒತ್ತಡ 10 ಪಿಎಸ್‌ಐ ಕೂಡ ಇರುವುದಿಲ್ಲ, ಎಂಸೀಲ್ ಮೆತ್ತಿದರೆ ಸಾಲದೇ ಎಂದು ನೀವು ಕೇಳಬಹುದು. ಒತ್ತಡ ಕಡಿಮೆ, ನಿಜ. ಆದರೆ ಪೆಟ್ರೋಲ್ ಹೀರಿದ, ಸದಾ ಅದುರುವ ರಬ್ಬರಿಗೆ ಎಂಸೀಲ್ ಕಚ್ಚಿಕೊಳ್ಳದು. ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬೀಳುವ ಹನಿಗೆ ಒತ್ತಡದ ಲೆಕ್ಕವೂ ಬೇಕಿಲ್ಲ. ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿ ಕಳಚಿ, ಅದೇ ಒಳವ್ಯಾಸದ, ಎಥನಾಲ್ ತಾಳುವ 30ಆರ್9 ದರ್ಜೆಯ ಹೋಸ್ ಹಾಕಿಸಿ. ಲೋಹದ ಪೈಪಿನ ತುದಿ ತುಕ್ಕು ಹಿಡಿದಿದ್ದರೆ ಅದನ್ನೂ ಬದಲಿಸಿ. ಟ್ಯಾಂಕಿನಿಂದ ಪಂಪಿಗೆ ಬರುವ ತುಂಡನ್ನು ಮಾತ್ರ ಮರೆಯಬೇಡಿ: ಅಲ್ಲಿ ಬಿರುಕಿದ್ದರೆ ಹನಿ ಕಾಣದೆಯೂ ಇರಬಹುದು, ಪಂಪು ಗಾಳಿ ಎಳೆದು ಏರಿನಲ್ಲಿ ಎಂಜಿನ್ ಮಿಸ್ ಹೊಡೆಯುತ್ತದೆ.