ದಿಲ್ಲಿಗೆ ಹೊರಟವಳಿಗೆ

ದಸರಾ ರಜೆಯಲ್ಲಿ ಮಕ್ಕಳನ್ನೂ ನಿನ್ನ ಅತ್ತೆಯವರನ್ನೂ ಕರೆದುಕೊಂಡು ದಿಲ್ಲಿ ನೋಡಿ ಬರುತ್ತೇವೆ ಅಂದೆಯಲ್ಲ, ಒಳ್ಳೆಯದಾಯಿತಮ್ಮ. ಬೇಸಿಗೆ ರಜೆಗೆ ಕಾಯದೆ ಇದ್ದದ್ದು ಜಾಣತನ. ಮೇ ತಿಂಗಳಲ್ಲಿ ಅಲ್ಲಿ ನಲವತ್ತು ಡಿಗ್ರಿ ದಾಟಿದ ಬಿಸಿಲು, ಮೇಲೆ ‘ಲೂ’ ಅನ್ನೋ ಬಿಸಿಗಾಳಿ. ಡಿಸೆಂಬರ್ ಕೊನೆಗೆ ಹೋದರೆ ಮಂಜು ಮುಸುಕಿ ರೈಲುಗಳು ಗಂಟೆಗಟ್ಟಲೆ ತಡ. ದೀಪಾವಳಿ ಹೊತ್ತಿಗೆ ಹೊಗೆ. ನಡುವೆ ಉಳಿಯುವ ಈ ಕೆಲವೇ ವಾರಗಳು ನಮ್ಮಂಥವರಿಗೆ ಸರಿ.

ಆದರೆ ನೀನು ಕಳಿಸಿದ ಪಟ್ಟಿ ನೋಡಿ ನಗು ಬಂತು. ಒಂದೇ ದಿನಕ್ಕೆ ಕೆಂಪುಕೋಟೆ, ಕುತುಬ್ ಮಿನಾರ್, ಅಕ್ಷರಧಾಮ, ಇಂಡಿಯಾ ಗೇಟ್! ಅದೂ ಸೋಮವಾರ. ಸೋಮವಾರ ಕೆಂಪುಕೋಟೆಗೆ ರಜೆ, ಅಕ್ಷರಧಾಮಕ್ಕೆ ರಜೆ, ನ್ಯಾಷನಲ್ ಮ್ಯೂಸಿಯಂಗೂ ರೈಲ್ ಮ್ಯೂಸಿಯಂಗೂ ರಜೆ. ಕುತುಬ್ ಮಿನಾರ್, ಹುಮಾಯೂನನ ಸಮಾಧಿ ದಿನವೂ ತೆರೆದಿರುತ್ತವೆ. ಸೋಮವಾರವನ್ನು ಅವೆರಡಕ್ಕೇ ಇಡು. ಚಾಂದನಿ ಚೌಕಕ್ಕೆ ಭಾನುವಾರ ಹೋಗಬೇಡ, ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ. ಆಗ್ರಾಕ್ಕೆ ಹೋಗುವುದಾದರೆ ಶುಕ್ರವಾರ ಬಿಟ್ಟು ಬೇರೆ ದಿನ ನೋಡಿಕೋ. ಅಂದು ತಾಜ್ ಮಹಲೂ ಮುಚ್ಚಿರುತ್ತದೆ, ನಿಜಾಮುದ್ದೀನ್ ಸ್ಟೇಷನ್ನಿನಿಂದ ಬೆಳಿಗ್ಗೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ಸೂ ಓಡುವುದಿಲ್ಲ.

ದಿನಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು. ನಡುವೆ ಊಟ ಮಾಡಿ ರೂಮಿನಲ್ಲಿ ಕಾಲು ಚಾಚಿ ಮಲಗಿ. ಪ್ರವಾಸದ ಓಟ ನಿರ್ಧಾರವಾಗಬೇಕಾದ್ದು ನಿನ್ನ ಗಂಡನ ಉತ್ಸಾಹದಿಂದಲ್ಲ, ನಿನ್ನ ಅತ್ತೆಯವರ ಮಂಡಿಯಿಂದ. ಅಕ್ಷರಧಾಮಕ್ಕಂತೂ ಅರ್ಧ ದಿನವನ್ನೇ ಬಿಡು. ಒಳಗೆ ಮೊಬೈಲ್ ಬಿಡುವುದಿಲ್ಲ, ಹೊರಗೇ ಒಪ್ಪಿಸಿ ಹೋಗಬೇಕು. ಅಲ್ಲಿ ಒಬ್ಬರಿಗೊಬ್ಬರು ತಪ್ಪಿಸಿಕೊಂಡರೆ ಫೋನು ಮಾಡುವ ದಾರಿಯಿಲ್ಲ. ಸೇರುವ ಜಾಗ ಮೊದಲೇ ಗೊತ್ತುಮಾಡಿಕೊಳ್ಳಿ, ಮಕ್ಕಳ ಜೇಬಿನಲ್ಲಿ ಹೋಟೆಲಿನ ವಿಳಾಸ ಬರೆದ ಚೀಟಿ ಇಡು.

ಇಂಡಿಯಾ ಗೇಟ್ ಅಂದರೆ ಜನ ಫೋಟೊ ಹೊಡೆದು, ಐಸ್‌ಕ್ರೀಮ್ ತಿಂದು ವಾಪಸ್ಸು. ನೀನು ಹಾಗೆ ಮಾಡಬೇಡ. ಆ ಕಲ್ಲಿನ ಮೇಲೆ ಕೆತ್ತಿರುವ ಸೈನಿಕರ ಹೆಸರುಗಳಲ್ಲಿ ಕೆಲವನ್ನಾದರೂ ಮಕ್ಕಳಿಂದ ಓದಿಸು. 2019ರಲ್ಲಿ ಆದ ರಾಷ್ಟ್ರೀಯ ಯುದ್ಧ ಸ್ಮಾರಕ ಪಕ್ಕದಲ್ಲೇ ಇದೆ, ಅದನ್ನೂ ತೋರಿಸು. ಬಿಸಿಲಿಳಿದ ಮೇಲೆ ಕರ್ತವ್ಯ ಪಥದಲ್ಲಿ ವಿಜಯ್ ಚೌಕದ ಕಡೆಗೆ ನಡೆಯಿರಿ. ದೂರದಿಂದ ರಾಷ್ಟ್ರಪತಿ ಭವನ ಪೂರ್ತಿ ಕಾಣುತ್ತಿರುತ್ತದೆ. ಹತ್ತಿರ ಹೋಗ್ತಾ ಹೋಗ್ತಾ ಅದು ಏರಿನ ಹಿಂದೆ ಇಳಿಯುತ್ತಾ ಬಂದು, ಕೊನೆಗೆ ಗುಮ್ಮಟವಷ್ಟೇ ಉಳಿಯುತ್ತದೆ. ಮಕ್ಕಳಿಗೆ ಹೇಳಬೇಡ, ಅವರೇ ಕಂಡುಹಿಡಿಯಲಿ. ಆಮೇಲೆ ಕಥೆ ಹೇಳು: ಭವನ ಕಟ್ಟಿದ ಲುಟ್ಯೆನ್ಸ್, ಎರಡು ಬದಿಯ ಸಚಿವಾಲಯ ಕಟ್ಟಿದ ಬೇಕರ್, ಈ ಇಬ್ಬರು ಗೆಳೆಯರು ಈ ಏರಿನ ವಿಷಯಕ್ಕೇ ಜಗಳವಾಡಿಕೊಂಡರು. ಏರನ್ನು ತಗ್ಗಿಸಿ ಅಂತ ಲುಟ್ಯೆನ್ಸ್ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಇಷ್ಟು ದೊಡ್ಡ ರಾಜಧಾನಿಯಲ್ಲೂ ಹೀಗೆ ಮನೆ ಕಟ್ಟುವವರ ತಕರಾರು ಉಳಿದುಹೋಗಿದೆ ನೋಡು!

ಪಟ್ಟಿಯಲ್ಲಿರುವ ಮಾಲ್ ಹೊಡೆದುಹಾಕಿ ಚಾಣಕ್ಯಪುರಿಯ ರೈಲ್ ಮ್ಯೂಸಿಯಂ ಸೇರಿಸು. ಮೈಸೂರು ಮಹಾರಾಜರ ಸಲೂನ್ ಗಾಡಿ ಅಲ್ಲಿದೆ, 1899ರದ್ದು. ತೇಗದ ಮರ, ದಂತದ ಕುಸುರಿ. ನಮ್ಮ ಕಡೆಯ ಮಕ್ಕಳು ದಿಲ್ಲಿಗೆ ಹೋಗಿ ಇದನ್ನು ನೋಡದೆ ಬರುವುದು ನನಗೆ ಒಪ್ಪಿಗೆಯಿಲ್ಲ.

ಓಡಾಟಕ್ಕೆ ಮೆಟ್ರೊಗಿಂತ ಒಳ್ಳೆಯದಿಲ್ಲ. ನ್ಯೂ ಡೆಲ್ಲಿ ಸ್ಟೇಷನ್ನಿನಲ್ಲಿ ಇಳಿದರೆ ಅಜ್ಮೇರಿ ಗೇಟ್ ಕಡೆ ಬನ್ನಿ, ಮೆಟ್ರೊ ಇರುವುದು ಆ ಕಡೆ. ಮೊದಲನೇ ಬೋಗಿ ಹೆಂಗಸರದ್ದು. ನಿನ್ನ ಹಿಂದೆಯೇ ನಿನ್ನ ಗಂಡನೂ ಹತ್ತಿಬಿಟ್ಟರೆ ದಂಡ ತೆರಬೇಕಾದೀತು. ಸ್ಟೇಷನ್ ಹೊರಗೆ ಯಾರಾದರೂ ಬಂದು ‘ನಿಮ್ಮ ಹೋಟೆಲ್ ಬುಕಿಂಗ್ ಕ್ಯಾನ್ಸಲ್ ಆಗಿದೆ, ನಮ್ಮ ಆಫೀಸಿಗೆ ಬನ್ನಿ’ ಅಂದರೆ ನಿಂತು ಮಾತಾಡಲೇಬೇಡಿ. ಅದು ಅಲ್ಲಿಯ ಹಳೇ ಮೋಸ. ಹಿಂದಿ ಬರದಿದ್ದರೆ ಸಂಕೋಚ ಬೇಡ, ಆದರೆ ಆಟೊ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಎರಡು ದಿನ ರೊಟ್ಟಿ ತಿಂದ ಮೇಲೆ ಅತ್ತೆಯವರು ಅನ್ನ ಸಾರು ಅನ್ನದೆ ಇರುವುದಿಲ್ಲ. ಕನಾಟ್ ಪ್ಲೇಸ್, ಕರೋಲ್ ಬಾಗ್ ಕಡೆ ನಮ್ಮ ದಕ್ಷಿಣದ ಊಟದ ಹೋಟೆಲುಗಳಿವೆ.

ರಾಷ್ಟ್ರಪತಿ ಭವನವನ್ನು ಒಳಗಿನಿಂದ ನೋಡುವ ಆಸೆಯಿದ್ದರೆ ಆನ್‌ಲೈನಿನಲ್ಲಿ ಮುಂಚೆಯೇ ಸಮಯ ಕಾಯ್ದಿರಿಸಬೇಕು. ರಜೆ ದಿನಗಳಲ್ಲಿ ಬೇಗ ತುಂಬಿಹೋಗುತ್ತದೆ. ಎಲ್ಲರ ಆಧಾರ್ ಕಾರ್ಡು ಎದುರಿಗಿಟ್ಟುಕೊಂಡು ಇವತ್ತು ರಾತ್ರಿಯೇ ಆ ಕೆಲಸ ಮುಗಿಸಿಬಿಡಮ್ಮ.