ಮಲವಿಸರ್ಜನೆಯ ವಿಚಾರ: ಕೇಳುವ ಕ್ರಮ, ತಿಳಿಸುವ ಕ್ರಮ
(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಉಪಕೇಂದ್ರಕ್ಕೆ ಬರುವ ರೋಗಿಗಳು ಜ್ವರ, ಕೆಮ್ಮು, ಮೈಕೈ ನೋವುಗಳನ್ನು ನಿಸ್ಸಂಕೋಚವಾಗಿ ಹೇಳಿಕೊಳ್ಳುತ್ತಾರೆ. ಮಲವಿಸರ್ಜನೆಯ ತೊಂದರೆಯನ್ನು ಮಾತ್ರ ಹೇಳದೆಯೇ ಹಿಂದಿರುಗುವವರು ಅನೇಕರು. ಮಲದಲ್ಲಿ ರಕ್ತ ಕಂಡರೂ ಮೂಲವ್ಯಾಧಿಯೆಂದು ತಾವೇ ನಿರ್ಧರಿಸಿ ತಿಂಗಳುಗಟ್ಟಲೆ ಸುಮ್ಮನಿದ್ದರೆ ಗಂಭೀರ ರೋಗದ ಪತ್ತೆ ತಡವಾಗಬಹುದು. ಆದುದರಿಂದ ಶುಶ್ರೂಷಕಿಯರು ಈ ವಿಷಯವನ್ನು ಹೇಗೆ ಮತ್ತು ಏಕೆ ಕೇಳುತ್ತಾರೆಂಬುದನ್ನು ಸದಸ್ಯರು ಅರಿತಿರುವುದು ಅವಶ್ಯಕ.

1. ಸಹಜವೆಂದರೆ ಯಾವುದು?
ಪ್ರತಿದಿನ ಬೆಳಿಗ್ಗೆ ಆಗಲೇಬೇಕೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವವಾಗಿ, ಮಲವು ಮೃದುವಾಗಿದ್ದು ತಿಣುಕದೆ ಹೊರಬರುತ್ತಿದ್ದರೆ, ವಯಸ್ಕರಲ್ಲಿ ದಿನಕ್ಕೆ 3 ಬಾರಿಯಿಂದ ವಾರಕ್ಕೆ 3 ಬಾರಿಯವರೆಗೆ ಸಹಜವೆಂದೇ ಪರಿಗಣಿಸಲಾಗುತ್ತದೆ. ಎದೆಹಾಲು ಮಾತ್ರ ಕುಡಿಯುವ ಶಿಶುವು ಮೊದಲ ವಾರಗಳಲ್ಲಿ ದಿನಕ್ಕೆ ಹಲವು ಬಾರಿ, ಅನಂತರ ಕೆಲವು ದಿನಗಳಿಗೊಮ್ಮೆ ವಿಸರ್ಜಿಸಬಹುದು. ಗರ್ಭಿಣಿಯರು ಕಬ್ಬಿಣಾಂಶದ ಮಾತ್ರೆ ಸೇವಿಸುವಾಗ ಮಲ ಕಪ್ಪಾಗುವುದುಂಟು. ಇದನ್ನು ಮೊದಲೇ ತಿಳಿಸದಿದ್ದರೆ ಹೆದರಿ ಮಾತ್ರೆಯನ್ನೇ ನಿಲ್ಲಿಸುವ ಸಂಭವವಿದೆ.

2. ಕೇಳುವ ಕ್ರಮ
“ಮಲಬದ್ಧತೆ ಇದೆಯೇ?” ಎಂದರೆ ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಉತ್ತರಿಸುತ್ತಾರೆ. ಆದುದರಿಂದ ಅನುಭವಿ ಶುಶ್ರೂಷಕಿಯು ಊರಿನ ಮಾತಿನಲ್ಲಿಯೇ, “ಅಜ್ಜಿ, ಹೊರಕಡೆಗೆ ಹೋಗಿ ಎಷ್ಟು ದಿನವಾಯಿತು? ಮೊದಲಿಂದಲೂ ಹೀಗೆಯೋ, ಈಚೆಗೆ ಬದಲಾಯಿತೋ? ಆಡಿನ ಹಿಕ್ಕೆಯಂತೆ ಗಟ್ಟಿಯೋ, ನೀರಿನಂತೆ ತೆಳುವೋ?” ಎಂದು ವಿಚಾರಿಸುತ್ತಾರೆ. ಹೇಳಲು ನಾಚುವವರಿಗೆ ಚಿತ್ರ ತೋರಿಸುವ ಪದ್ಧತಿಯೂ ಉಂಟು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ರೂಪುಗೊಂಡು 1997ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಮಲದ 7 ಬಗೆಗಳಿವೆ. 1 ಮತ್ತು 2 ಮಲಬದ್ಧತೆಯನ್ನು, 3 ಮತ್ತು 4 ಸಹಜ ಸ್ಥಿತಿಯನ್ನು ಸೂಚಿಸುತ್ತವೆ. 7ನೆಯದು ಪೂರ್ಣ ನೀರಾದ ಭೇದಿ. ರೋಗಿಯು ಬೆರಳಿಟ್ಟು ತೋರಿಸಿದರೆ ಸಾಕು.

3. ತಡಮಾಡಬಾರದ ಲಕ್ಷಣಗಳು
ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಕೆಲವು ವಾರಗಳಾದರೂ ಸರಿಹೋಗದ ಬದಲಾವಣೆ, ಹೊಟ್ಟೆಯುಬ್ಬರ ಮತ್ತು ವಾಂತಿಯೊಡನೆ ಮಲ, ವಾಯು ಎರಡೂ ನಿಲ್ಲುವುದು: ಇವುಗಳಲ್ಲಿ ಯಾವುದು ಕಂಡರೂ ವೈದ್ಯರಲ್ಲಿಗೆ ಕಳುಹಿಸಬೇಕು. 24 ಗಂಟೆಗಳಲ್ಲಿ 3 ಅಥವಾ ಹೆಚ್ಚು ಬಾರಿ ತೆಳುವಾಗಿ ಹೋದರೆ ಅದು ಅತಿಸಾರ. ಮಕ್ಕಳಿಗೆ ಕೂಡಲೇ ಓಆರ್‌ಎಸ್ ದ್ರಾವಣ ಆರಂಭಿಸಿ, ಆರೋಗ್ಯ ಕಾರ್ಯಕರ್ತೆಯ ಸಲಹೆಯಂತೆ ಜಿಂಕ್ ಮಾತ್ರೆ ನೀಡಬೇಕು.

4. ಪಂಚಾಯಿತಿಯ ಹೊಣೆ
ಹತ್ತು ಜನರ ಎದುರು ಯಾರೂ ಇಂತಹ ಮಾತನ್ನು ಹೇಳಲಾರರು. ಪ್ರತ್ಯೇಕ ಕೊಠಡಿ ಇಲ್ಲದಿದ್ದರೆ ಒಂದು ಪರದೆಯಾದರೂ ಬೇಕು. ಶೌಚಾಲಯದಲ್ಲಿ ನೀರು, ಬೆಳಕು, ಚಿಲಕ ಇಲ್ಲದಿದ್ದರೆ ಮಹಿಳೆಯರು ನೀರು ಕುಡಿಯುವುದನ್ನೇ ಕಡಿಮೆ ಮಾಡಿ, ಕತ್ತಲಾಗುವವರೆಗೆ ತಡೆದುಕೊಳ್ಳುತ್ತಾರೆ. ಇದರಿಂದ ಮಲಬದ್ಧತೆ ಹೆಚ್ಚುತ್ತದೆ. “ಹೆಚ್ಚು ನೀರು ಕುಡಿಯಿರಿ, ಸೊಪ್ಪು, ಕಾಳು ತಿನ್ನಿರಿ, ತಡೆಯಬೇಡಿರಿ” ಎಂಬ ಶುಶ್ರೂಷಕಿಯ ಸಲಹೆಯು ಅಂತಹ ಮನೆಯಲ್ಲಿ ವ್ಯರ್ಥವಾಗುತ್ತದೆ. ಸಲಹೆ ಅವರದು, ಅದನ್ನು ಪಾಲಿಸಲು ಬೇಕಾದ ಅನುಕೂಲ ಕಲ್ಪಿಸುವುದು ನಮ್ಮದು.

ಮುಂದಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು:
ಅ) ನಮ್ಮ ಉಪಕೇಂದ್ರದಲ್ಲಿ ರೋಗಿಯು ಗುಟ್ಟಾಗಿ ಮಾತನಾಡಲು ಸ್ಥಳವಿದೆಯೇ?
ಆ) ನಮ್ಮ ವಾರ್ಡಿನ ಎಷ್ಟು ಶೌಚಾಲಯಗಳಲ್ಲಿ ನೀರಿಲ್ಲ?
ಇ) ಆಶಾ ಕಾರ್ಯಕರ್ತೆಯರ ಬಳಿ ಓಆರ್‌ಎಸ್ ಮತ್ತು ಜಿಂಕ್ ದಾಸ್ತಾನು ಇದೆಯೇ?