ಹತ್ತರಿಂದ ಹನ್ನೊಂದಕ್ಕೆ: ಕಾಲಯೋಜನೆ ಮತ್ತು ಅಧ್ಯಯನದ ರೂಢಿ

ಪೀಠಿಕೆ

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಪೂರೈಸಿದ ವಿದ್ಯಾರ್ಥಿಯು ಜೂನಿಯರ್ ಕಾಲೇಜಿನ ಹೊಸ್ತಿಲನ್ನು ದಾಟಿದಾಗ ಅವನ ಜೀವನದಲ್ಲಿ ಮೂರು ಬದಲಾವಣೆಗಳು ಏಕಕಾಲಕ್ಕೆ ಸಂಭವಿಸುತ್ತವೆ. ಮೊದಲನೆಯದಾಗಿ, ಬೋಧನೆಯ ಭಾಷೆ ಬದಲಾಗುತ್ತದೆ. ವಿಜ್ಞಾನ ಶಾಖೆಯನ್ನು ಆರಿಸಿಕೊಂಡವನು ಇಂಗ್ಲಿಷಿನಲ್ಲಿಯೂ, ಕಲೆ ಅಥವಾ ವಾಣಿಜ್ಯ ಶಾಖೆಗೆ ಸೇರಿದವನು ಬಹುಮಟ್ಟಿಗೆ ಮರಾಠಿಯಲ್ಲಿಯೂ ಪಾಠವನ್ನು ಕೇಳಬೇಕಾಗುತ್ತದೆ. ಎರಡನೆಯದಾಗಿ, ದಿನವೂ ಗೃಹಪಾಠವನ್ನು ಪರಿಶೀಲಿಸುತ್ತಿದ್ದ, ಹೆಸರು ಹಿಡಿದು ಕರೆಯುತ್ತಿದ್ದ ಶಿಕ್ಷಕರ ಮೇಲ್ವಿಚಾರಣೆ ಇಲ್ಲವಾಗುತ್ತದೆ. ಮೂರನೆಯದಾಗಿ, ಮನೆಗೂ ವಿದ್ಯಾಲಯಕ್ಕೂ ನಡುವಣ ಅಂತರ ಹೆಚ್ಚುತ್ತದೆ. ದಿನದ ಬಹುಭಾಗ ಬಸ್ಸಿನಲ್ಲಿಯೋ ನಿಲ್ದಾಣದಲ್ಲಿಯೋ ಕಳೆಯುತ್ತದೆ.

ಈ ಮೂರರ ಭಾರವನ್ನು ಹೊರಲಾರದೆ ಮೊದಲ ಘಟಕ ಪರೀಕ್ಷೆಯಲ್ಲಿಯೇ ಸೋತ ವಿದ್ಯಾರ್ಥಿಯು ಸಾಮಾನ್ಯವಾಗಿ ತಲುಪುವ ತೀರ್ಮಾನ ಒಂದೇ: ‘ಕನ್ನಡ ಶಾಲೆಯಲ್ಲಿ ಕಲಿತದ್ದರಿಂದಲೇ ಹೀಗಾಯಿತು.’ ಮನೆಯವರೂ ಅದನ್ನೇ ನಂಬುತ್ತಾರೆ. ಮರುವರ್ಷ ಅವನ ತಂಗಿಯ ಹೆಸರು ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಆದ್ದರಿಂದ ಕಾಲೇಜು ವಿದ್ಯಾರ್ಥಿಯ ಕಾಲಯೋಜನೆ ಎಂಬುದು ಕಾಲೇಜಿನವರು ಮಾತ್ರ ಯೋಚಿಸಬೇಕಾದ ವಿಷಯವಲ್ಲ. ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಬೋಧಿಸುವ ನಾವು ಅದಕ್ಕೆ ಅಡಿಪಾಯವನ್ನು ಹಾಕಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಈ ಪಾಠದ ಉದ್ದೇಶಗಳು

1. ವಿದ್ಯಾರ್ಥಿಯು ತನ್ನ ವಾರದ ಕಾಲವನ್ನು ಲೆಕ್ಕಹಾಕಿ ನೋಡುವಂತೆ ಮಾಡುವುದು.
2. ಓದುವುದಕ್ಕೂ ನೆನಪಿನಿಂದ ಒಪ್ಪಿಸುವುದಕ್ಕೂ ಇರುವ ವ್ಯತ್ಯಾಸವನ್ನು ಅನುಭವಕ್ಕೆ ತರುವುದು.
3. ಪರಿಭಾಷೆಯ ಬದಲಾವಣೆಗೆ ದಿನಚರಿಯಲ್ಲಿ ಪ್ರತ್ಯೇಕ ಸ್ಥಾನವನ್ನು ಕಲ್ಪಿಸುವುದು.

ಕಾಲದ ಜಮಾಖರ್ಚು

‘ಸಮಯ ಸಾಲದು’ ಎನ್ನುವ ವಿದ್ಯಾರ್ಥಿಗೆ ಉಪದೇಶ ಮಾಡುವುದಕ್ಕಿಂತ ಲೆಕ್ಕ ಬರೆಸುವುದು ಮೇಲು. ಒಂದು ವಾರಕ್ಕೆ 168 ಗಂಟೆಗಳು. ಗಡಹಿಂಗ್ಲಜ ತಾಲೂಕಿನ ಒಂದು ಹಳ್ಳಿಯಿಂದ ಪಟ್ಟಣದ ಕಾಲೇಜಿಗೆ ಎಸ್.ಟಿ. ಬಸ್ಸಿನಲ್ಲಿ ಹೋಗಿಬರುವ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ದಿನಕ್ಕೆ 8 ಗಂಟೆಯಂತೆ ನಿದ್ರೆಗೆ 56. ಆರು ದಿನ 6 ಗಂಟೆಯಂತೆ ಕಾಲೇಜಿಗೆ 36. ಆರು ದಿನ 2 ಗಂಟೆಯಂತೆ ಪ್ರಯಾಣ ಹಾಗೂ ಬಸ್ಸಿನ ನಿರೀಕ್ಷೆಗೆ 12. ಸ್ನಾನ, ಊಟ ಮೊದಲಾದವುಗಳಿಗೆ ದಿನಕ್ಕೆ 3 ಗಂಟೆಯಂತೆ 21. ಮನೆಯ ಕೆಲಸಕ್ಕೆ ದಿನಕ್ಕೆ 2 ಗಂಟೆಯಂತೆ 14. ಒಟ್ಟು 139 ಗಂಟೆಗಳು. ಉಳಿಯುವುದು 29. ಇದರಲ್ಲಿ ಆರು ದಿನ 3 ಗಂಟೆಯಂತೆ 18 ಗಂಟೆಗಳನ್ನು ಅಧ್ಯಯನಕ್ಕೆ ಮೀಸಲಿಟ್ಟರೂ ಆಟ, ಹರಟೆ, ನೆಂಟರಿಷ್ಟರಿಗಾಗಿ 11 ಗಂಟೆಗಳು ಉಳಿಯುತ್ತವೆ.

ಈ ಲೆಕ್ಕದಿಂದ ಎರಡು ಪಾಠಗಳು ದೊರೆಯುತ್ತವೆ. ಕಾಲವು ಇಲ್ಲವೇ ಇಲ್ಲ ಎಂಬುದು ನಿಜವಲ್ಲ ಎಂಬುದು ಒಂದು. ಆದರೆ ಅದು ಕೇಳಿದಷ್ಟು ದೊರೆಯುವಂಥದೂ ಅಲ್ಲ; ದಿನವೂ ಎರಡು ಗಂಟೆ ಮೊಬೈಲ್ ಪರದೆಯ ಮೇಲೆ ಕಳೆದರೆ ವಾರಕ್ಕೆ 14 ಗಂಟೆಗಳು ಹೋಗುತ್ತವೆ. ಉಳಿದ 11ನ್ನೂ ನುಂಗಿ ಅದು ಅಧ್ಯಯನದ 18ರೊಳಗೆ ಕೈಹಾಕುತ್ತದೆ ಎಂಬುದು ಇನ್ನೊಂದು. ‘ಮೊಬೈಲ್ ನೋಡಬೇಡ’ ಎಂಬ ನೂರು ಮಾತುಗಳಿಗಿಂತ ವಿದ್ಯಾರ್ಥಿಯು ತಾನೇ ಮಾಡಿದ ಈ ವ್ಯವಕಲನ ಹೆಚ್ಚು ಪರಿಣಾಮಕಾರಿ.

ಊರಿಗೊಂದು ದಿನಚರಿ

ಎಲ್ಲರಿಗೂ ಒಂದೇ ವೇಳಾಪತ್ರಿಕೆಯನ್ನು ಹಂಚುವುದು ಸುಲಭ, ಆದರೆ ನಿರುಪಯುಕ್ತ. ನಮ್ಮ ವಿಭಾಗದ ಮೂರು ಕೇಂದ್ರಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಇಚಲಕರಂಜಿಗೆ 1904ರಲ್ಲಿ ವಿದ್ಯುತ್ ಮಗ್ಗ ಬಂದಂದಿನಿಂದ ಊರಿನ ಗಡಿಯಾರವೇ ಮಗ್ಗದ ಗಡಿಯಾರವಾಗಿದೆ. ಹನ್ನೆರಡು ಗಂಟೆಗಳ ಎರಡು ಪಾಳಿಗಳಲ್ಲಿ ಮಗ್ಗಗಳು ನಡೆಯುವುದು ಇಲ್ಲಿ ಸಾಮಾನ್ಯ. ತಂದೆ ರಾತ್ರಿ ಪಾಳಿಯಲ್ಲಿದ್ದರೆ ಹಗಲು ಮನೆಯಲ್ಲಿ ಅವರ ನಿದ್ರೆಗೆ ನಿಶ್ಶಬ್ದ ಬೇಕು; ಗೋಡೆಯಾಚೆಗೆ ಮಗ್ಗವಿದ್ದರೆ ಆ ನಿಶ್ಶಬ್ದವೂ ಇಲ್ಲ. ಅಂಥ ಮನೆಯ ಹುಡುಗನಿಗೆ ‘ಶಾಂತವಾದ ಕೋಣೆಯಲ್ಲಿ ಕುಳಿತು ಓದು’ ಎಂದು ಹೇಳುವುದು ಅರ್ಥಹೀನ. ಸದ್ದಿನ ನಡುವೆಯೂ ಮಾಡಬಹುದಾದ ಕೆಲಸ, ಅಂದರೆ ಲೆಕ್ಕ ಬಿಡಿಸುವುದು, ಚಿತ್ರ ಬರೆಯುವುದು, ಪಟ್ಟಿ ತಯಾರಿಸುವುದು ಇವುಗಳನ್ನು ಮನೆಗೂ, ಏಕಾಗ್ರತೆಯಿಂದ ಓದಬೇಕಾದುದನ್ನು ಕಾಲೇಜಿನ ಗ್ರಂಥಾಲಯಕ್ಕೂ ಹಂಚಿಕೊಳ್ಳಲು ಅವನಿಗೆ ಕಲಿಸಬೇಕು.

ಗಡಹಿಂಗ್ಲಜ ಭಾಗದಲ್ಲಿ ದಿನಚರಿಯನ್ನು ನಿರ್ಧರಿಸುವುದು ಕಬ್ಬು. ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಸುಮಾರಿಗೆ ಆರಂಭವಾಗಿ ಬೇಸಗೆಯ ಬಾಗಿಲಿಗೆ ಮುಗಿಯುತ್ತದೆ. ಎರಡನೆಯ ಸತ್ರದ ಅಧ್ಯಯನಕಾಲವೂ ಅದೇ. ಆದುದರಿಂದ ರೈತಕುಟುಂಬದ ವಿದ್ಯಾರ್ಥಿಯು ಪಠ್ಯಕ್ರಮದ ಕಠಿಣಭಾಗವನ್ನು ಮೊದಲ ಸತ್ರದಲ್ಲಿಯೇ, ಮಳೆಗಾಲದ ಬಿಡುವಿನಲ್ಲಿ, ಮುಗಿಸಿಕೊಳ್ಳುವಂತೆ ವರ್ಷದ ಯೋಜನೆ ಇರಬೇಕು. ಬಸ್ಸಿನ ನಿರೀಕ್ಷೆಯ ಅರ್ಧಗಂಟೆಯನ್ನು ಕಿಸೆಯಲ್ಲಿಟ್ಟುಕೊಂಡ ಪದಪಟ್ಟಿಗೆ ಮೀಸಲಿಡಬಹುದು.

ಕೊಲ್ಹಾಪುರದಲ್ಲಿ ಸಮಸ್ಯೆ ಬೇರೆ. ಹಳ್ಳಿಯಿಂದ ಬಂದು ವಸತಿಗೃಹದಲ್ಲಿ ನಿಂತ ವಿದ್ಯಾರ್ಥಿಗೆ ಸ್ಥಳವೂ ಉಂಟು, ವೇಳೆಯೂ ಉಂಟು; ಏಳಿಸುವವರು ಮಾತ್ರ ಇಲ್ಲ. ಈ ನಗರಕ್ಕೆ ವಸತಿಗೃಹಗಳ ಊರೆಂಬ ಖ್ಯಾತಿ ಬಂದುದು ರಾಜರ್ಷಿ ಶಾಹೂ ಮಹಾರಾಜರಿಂದ. 1901ರಿಂದ ಮೊದಲ್ಗೊಂಡು ಮರಾಠಾ, ಜೈನ, ಲಿಂಗಾಯತ, ಮುಸ್ಲಿಂ ಮೊದಲಾದ ಸಮಾಜಗಳ ಮಕ್ಕಳಿಗಾಗಿ ಅವರು ವಸತಿಗೃಹಗಳಿಗೆ ಆಶ್ರಯವಿತ್ತರು. 1917ರಲ್ಲಿ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯಗೊಳಿಸಿದರು. ವಸತಿಗೃಹದ ವಿದ್ಯಾರ್ಥಿಗೆ ನಾವು ಕಲಿಸಬೇಕಾದುದು ಒಂದೇ: ಏಳುವ ವೇಳೆ ಮತ್ತು ಓದಿಗೆ ಕೂಡುವ ವೇಳೆ ಇವೆರಡನ್ನು ಸ್ಥಿರವಾಗಿಟ್ಟುಕೊಂಡರೆ ಉಳಿದುದು ತಾನಾಗಿ ಹೊಂದಿಕೊಳ್ಳುತ್ತದೆ.

ದುಡಿಯುತ್ತ ಕಲಿಯುವುದು ಅವಮಾನವಲ್ಲ ಎಂಬುದನ್ನೂ ತರಗತಿಯಲ್ಲಿ ಹೇಳಬೇಕು. 1887ರಲ್ಲಿ ಇದೇ ಜಿಲ್ಲೆಯ ಕುಂಭೋಜದಲ್ಲಿ ಜನಿಸಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ‘ಗಳಿಸು, ಕಲಿ’ ಎಂಬ ಯೋಜನೆಯನ್ನು ಆಚರಣೆಗೆ ತಂದರು. ಕಾಂಡಿ ತುಂಬಿ ಬಂದ ಹುಡುಗನೂ, ಹಾಲು ಹಾಕಿ ಬಂದ ಹುಡುಗಿಯೂ ತಮ್ಮ ಕೆಲಸದ ವೇಳೆಯನ್ನು ವೇಳಾಪತ್ರಿಕೆಯಲ್ಲಿ ಮರೆಮಾಚದೆ ಬರೆಯಬೇಕು. ಬರೆಯದ ಖರ್ಚಿನಿಂದ ಲೆಕ್ಕ ತಪ್ಪುತ್ತದೆ.

‘ಅಭ್ಯಾಸ’ದ ಎರಡು ಅರ್ಥಗಳು

ಮರಾಠಿಯಲ್ಲಿ ಅಭ್ಯಾಸವೆಂದರೆ ಪ್ರಧಾನವಾಗಿ ಅಧ್ಯಯನ. ರೂಢಿಗೆ ‘ಸವಯ’ ಎಂಬ ಬೇರೆ ಶಬ್ದವಿದೆ. ಕನ್ನಡದ ‘ಅಭ್ಯಾಸ’ದಲ್ಲಿ ಕಲಿಕೆಯೂ ರೂಢಿಯೂ ಒಂದಾಗಿವೆ. ಈ ಶಬ್ದವೇ ನಮಗೆ ಮಾರ್ಗದರ್ಶಕ. ರೂಢಿಯಾಗದ ಕಲಿಕೆ ನಿಲ್ಲುವುದಿಲ್ಲ.

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವಿನ ಗತಿಯನ್ನು ಅಳೆದು 1885ರಲ್ಲಿ ಪ್ರಕಟಿಸಿದನು. ಕಲಿತ ಬಳಿಕ ಮರೆವು ಮೊದಮೊದಲು ಅತಿ ವೇಗವಾಗಿಯೂ ಕ್ರಮೇಣ ನಿಧಾನವಾಗಿಯೂ ಸಾಗುತ್ತದೆ ಎಂಬುದು ಅವನು ಕಂಡುಕೊಂಡ ಸಂಗತಿ. ಇದರಿಂದ ದೊರೆಯುವ ಸೂತ್ರ: ಇಂದಿನ ಪಾಠವನ್ನು ಇಂದೇ ಒಮ್ಮೆ, ಎರಡು ಮೂರು ದಿನಗಳ ಬಳಿಕ ಒಮ್ಮೆ, ವಾರದ ಬಳಿಕ ಮತ್ತೊಮ್ಮೆ ನೋಡಬೇಕು. ಪರೀಕ್ಷೆಯ ಹಿಂದಿನ ರಾತ್ರಿಯ ಆರು ಗಂಟೆಗಳಿಗಿಂತ ಹಲವು ದಿನಗಳಲ್ಲಿ ಹರಡಿದ ಆರು ಗಂಟೆಗಳು ಹೆಚ್ಚು ಫಲ ಕೊಡುತ್ತವೆ.

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ಅಮೆರಿಕದ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಗದ್ಯಭಾಗವನ್ನು ಓದಿದರು. ಕೆಲವರು ಅದನ್ನೇ ಮತ್ತೆ ಓದಿದರು. ಇನ್ನು ಕೆಲವರು ಪುಸ್ತಕ ಮುಚ್ಚಿ ನೆನಪಿದ್ದುದನ್ನು ಬರೆದರು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಮರಳಿ ಓದಿದವರೇ ಮುಂದಿದ್ದರು. ವಾರದ ಬಳಿಕ ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಮತ್ತೆ ಮತ್ತೆ ಓದುವವನಿಗೆ ‘ನನಗೆ ಬರುತ್ತದೆ’ ಎಂಬ ಭ್ರಮೆ ಹುಟ್ಟುತ್ತದೆ. ಪುಸ್ತಕ ಮುಚ್ಚಿದವನಿಗೆ ಬಾರದುದು ಯಾವುದೆಂಬುದು ತಿಳಿಯುತ್ತದೆ. ನಮ್ಮ ಹಿರಿಯರ ‘ಪಾಠ ಒಪ್ಪಿಸುವ’ ಪದ್ಧತಿಯ ಸತ್ತ್ವ ಇದೇ. ಅರ್ಥ ತಿಳಿಯದ ಬಾಯಿಪಾಠವನ್ನು ಬಿಡೋಣ. ಅರ್ಥ ತಿಳಿದು ಒಪ್ಪಿಸುವುದನ್ನು ಉಳಿಸಿಕೊಳ್ಳೋಣ.

ಪರಿಭಾಷೆಯ ಸೇತುವೆ

ಸಾಮಾನ್ಯ ಮಾರ್ಗದರ್ಶಿ ಪುಸ್ತಕಗಳಲ್ಲಿ ಕಾಣದ, ನಮ್ಮ ಮಕ್ಕಳಿಗೆ ಮಾತ್ರ ಅನ್ವಯಿಸುವ ಒಂದು ಖರ್ಚು ಇದೆ. ಅದು ಭಾಷಾಂತರದ ಖರ್ಚು. ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಮೊದಲಿನಿಂದ ಕಲಿತ ಸಹಪಾಠಿಯು ಒಂದು ಪುಟವನ್ನು ಓದುವ ವೇಳೆಯಲ್ಲಿ ನಮ್ಮ ವಿದ್ಯಾರ್ಥಿ ಅರ್ಧಪುಟವನ್ನಷ್ಟೇ ಓದಿಯಾನು. ಇದು ಮಂದಬುದ್ಧಿಯ ಲಕ್ಷಣವಲ್ಲ. ಅವನು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿದ್ದಾನೆ: ವಿಷಯವನ್ನು ತಿಳಿಯುವುದು, ಶಬ್ದವನ್ನು ತಿಳಿಯುವುದು. ಸಹಪಾಠಿಯ ವೇಳಾಪತ್ರಿಕೆಯನ್ನು ನಕಲು ಮಾಡಿದರೆ ಅವನು ಹಿಂದೆ ಬೀಳುವುದು ನಿಶ್ಚಿತ. ಮೊದಲ ಸತ್ರದಲ್ಲಿ ದಿನಕ್ಕೆ ಅರ್ಧಗಂಟೆಯನ್ನು ಪರಿಭಾಷೆಗೆಂದೇ ಪ್ರತ್ಯೇಕಿಸಬೇಕು.

ಕೆಲವು ಶಬ್ದಗಳು ದಾರಿ ತಪ್ಪಿಸುತ್ತವೆ. ಗಣಿತದ ಮರಾಠಿ ಪ್ರಾಧ್ಯಾಪಕರು ‘ಅವಯವ’ ಎಂದಾಗ ನಮ್ಮ ಹುಡುಗನ ಮನಸ್ಸಿಗೆ ಕೈಕಾಲುಗಳು ಬರುತ್ತವೆ. ಅವರು ಹೇಳುತ್ತಿರುವುದು ಅಪವರ್ತನವನ್ನು. ‘ಅವಕಾಶ’ವೆಂದರೆ ನಮಗೆ ಸಂದರ್ಭ, ಮರಾಠಿ ವಿಜ್ಞಾನದಲ್ಲಿ ಅಂತರಿಕ್ಷ. ಇನ್ನು ಕೆಲವು ಶಬ್ದಗಳು ಸ್ನೇಹಿತರಂತೆ ಕೈಹಿಡಿಯುತ್ತವೆ: ನಮ್ಮ ಬಂಡವಾಳ ಅವರ ಭಾಂಡವಲ, ನಮ್ಮ ವೇಳಾಪತ್ರಿಕೆ ಅವರ ವೇಳಾಪತ್ರಕ. ಹತ್ತನೆಯ ತರಗತಿಯಲ್ಲಿಯೇ ಪ್ರತಿ ಪಾಠದ ಕೊನೆಗೆ ಐದು ಶಬ್ದಗಳನ್ನು ಮೂರು ಕಂಬಗಳಲ್ಲಿ ಬರೆಸಬೇಕು. ಮಾದರಿಗೆ:

ಅಪವರ್ತನ – ಅವಯವ – ಫ್ಯಾಕ್ಟರ್
ಲಂಬಕೋನ – ಕಾಟಕೋನ – ರೈಟ್ ಆ್ಯಂಗಲ್
ವೇಗೋತ್ಕರ್ಷ – ತ್ವರಣ – ಆ್ಯಕ್ಸೆಲರೇಷನ್
ದ್ಯುತಿಸಂಶ್ಲೇಷಣೆ – ಪ್ರಕಾಶಸಂಶ್ಲೇಷಣ – ಫೋಟೋಸಿಂಥೆಸಿಸ್
ಬೇಡಿಕೆ, ಪೂರೈಕೆ – ಮಾಗಣೀ, ಪುರವಠಾ – ಡಿಮ್ಯಾಂಡ್, ಸಪ್ಲೈ

ಬಾಲಭಾರತಿಯ ಪಠ್ಯಪುಸ್ತಕಗಳು ಅನೇಕ ಭಾಷೆಗಳಲ್ಲಿ ಪ್ರಕಟವಾಗುವುದರಿಂದ ಕನ್ನಡ ಪುಸ್ತಕದ ಪಕ್ಕದಲ್ಲಿ ಅದೇ ಪಾಠದ ಮರಾಠಿ, ಇಂಗ್ಲಿಷ್ ಪುಸ್ತಕಗಳನ್ನಿಟ್ಟು ಶಬ್ದಗಳನ್ನು ಹೆಕ್ಕಿಸುವುದು ಸುಲಭ. ಮಾರ್ಚ್ ಪರೀಕ್ಷೆ ಮುಗಿದು ಹನ್ನೊಂದನೆಯ ತರಗತಿ ಆರಂಭವಾಗುವವರೆಗಿನ ವಾರಗಳು ಈ ಕೆಲಸಕ್ಕೆ ಅತ್ಯುತ್ತಮ ಕಾಲ. ದಿನಕ್ಕೆ ಹತ್ತು ಶಬ್ದಗಳಂತೆ ಮೂವತ್ತು ದಿನಗಳಲ್ಲಿ ಮುನ್ನೂರು ಶಬ್ದಗಳ ಬಂಡವಾಳ ಸಿದ್ಧವಾಗುತ್ತದೆ. ವಿಷಯವು ಕನ್ನಡದಲ್ಲಿ ಮೊದಲೇ ತಿಳಿದಿರುವುದರಿಂದ ಇಲ್ಲಿ ಕಲಿಯಬೇಕಾದುದು ಹೆಸರನ್ನು ಮಾತ್ರ. ತಿಳಿದ ವಸ್ತುವಿಗೆ ಹೊಸ ಹೆಸರನ್ನು ಕಲಿಯುವುದು, ತಿಳಿಯದ ವಸ್ತುವನ್ನು ತಿಳಿಯದ ಭಾಷೆಯಲ್ಲಿ ಕಲಿಯುವುದಕ್ಕಿಂತ ಎಷ್ಟೋ ಹಗುರ. ಕನ್ನಡ ಮಾಧ್ಯಮದ ನಿಜವಾದ ಲಾಭ ಇದು.

ಈ ಲಾಭವನ್ನು ನಂಬಲು ದೂರ ಹೋಗಬೇಕಾಗಿಲ್ಲ. 1906ರಲ್ಲಿ ಸದಲಗಾದಲ್ಲಿ ಜನಿಸಿದ ಕನ್ನಡಿಗ ಡಾ. ಆ. ನೇ. ಉಪಾಧ್ಯೆಯವರು 1930ರಿಂದ 1962ರವರೆಗೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಬೋಧಿಸಿದರು. ಪ್ರಾಕೃತ ಗ್ರಂಥಗಳನ್ನು ಸಂಪಾದಿಸಿ ಇಂಗ್ಲಿಷಿನಲ್ಲಿ ಪ್ರೌಢ ಪ್ರಸ್ತಾವನೆಗಳನ್ನು ಬರೆದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೂ ಅಲಂಕರಿಸಿದರು. ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಡಾ. ಶಾಂತಿನಾಥ ದೇಸಾಯಿಯವರು ಕನ್ನಡದ ಗಣ್ಯ ಕಾದಂಬರಿಕಾರರು. ಹಲವು ಭಾಷೆಗಳ ನಡುವೆ ಬದುಕುವುದು ಕೊರತೆಯಲ್ಲ. ವ್ಯವಸ್ಥೆಯಿಂದ ಬಳಸಿಕೊಂಡರೆ ಸಂಪತ್ತು.

ತರಗತಿಯ ಚಟುವಟಿಕೆಗಳು

1. ವಿದ್ಯಾರ್ಥಿಗಳಿಂದ ಒಂದು ವಾರದ 168 ಗಂಟೆಗಳ ಲೆಕ್ಕವನ್ನು ಬರೆಸಿರಿ. ಮನೆಗೆಲಸವನ್ನು ಬರೆದವರನ್ನು ಮೆಚ್ಚಿರಿ. ಹುಡುಗರ ಹಾಗೂ ಹುಡುಗಿಯರ ಮನೆಗೆಲಸದ ಗಂಟೆಗಳನ್ನು ಹೋಲಿಸಿ ಪಾಲಕರ ಸಭೆಯಲ್ಲಿ ಚರ್ಚಿಸಿರಿ.
2. ತರಗತಿಯನ್ನು ಎರಡು ಗುಂಪು ಮಾಡಿ ಒಂದೇ ಗದ್ಯವನ್ನು ಕೊಡಿರಿ. ಒಂದು ಗುಂಪು ಎರಡು ಬಾರಿ ಓದಲಿ. ಇನ್ನೊಂದು ಒಮ್ಮೆ ಓದಿ, ಒಮ್ಮೆ ನೆನಪಿನಿಂದ ಬರೆಯಲಿ. ವಾರದ ಬಳಿಕ ಅನಿರೀಕ್ಷಿತವಾಗಿ ಪ್ರಶ್ನಿಸಿ ಫಲವನ್ನು ಕರಿಹಲಗೆಯ ಮೇಲೆ ಬರೆಯಿರಿ.
3. ಮೂರು ಕಂಬಗಳ ಪದಪಟ್ಟಿಯನ್ನು ವರ್ಷವಿಡೀ ಮುಂದುವರಿಸಿ, ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ ಪ್ರತಿಯೊಬ್ಬರೂ ತಮ್ಮ ಪುಸ್ತಿಕೆಯನ್ನು ಒಯ್ಯುವಂತೆ ನೋಡಿಕೊಳ್ಳಿರಿ.
4. ಕಾಲೇಜಿಗೆ ಸೇರಿದ ಹಿಂದಿನ ವರ್ಷದ ವಿದ್ಯಾರ್ಥಿಗಳನ್ನು ಮೊದಲ ಘಟಕ ಪರೀಕ್ಷೆಯ ಬಳಿಕ ಒಮ್ಮೆ ಶಾಲೆಗೆ ಕರೆಸಿರಿ. ಅಂಕಗಳನ್ನು ಕೇಳುವ ಮುನ್ನ ಯಾವ ಶಬ್ದ ಎಡವಿಸಿತು, ಯಾವ ವೇಳೆ ವ್ಯರ್ಥವಾಯಿತು ಎಂಬುದನ್ನು ಕೇಳಿರಿ. ಅವರ ಉತ್ತರಗಳು ಮುಂದಿನ ತಂಡಕ್ಕೆ ಪಾಠವಾಗುತ್ತವೆ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಶಾಲೆಯ ಪರಿಸರದಲ್ಲಿ ವಿದ್ಯಾರ್ಥಿಯ ದಿನಚರಿಯನ್ನು ನಿರ್ಧರಿಸುವ ಉದ್ಯೋಗ ಯಾವುದು? ಅದಕ್ಕೆ ಹೊಂದುವ ವಾರ್ಷಿಕ ಯೋಜನೆಯನ್ನು ಸಿದ್ಧಪಡಿಸಿರಿ.
2. ನಿಮ್ಮ ವಿಷಯದಲ್ಲಿ ಕನ್ನಡ ಮತ್ತು ಮರಾಠಿಗಳಲ್ಲಿ ರೂಪ ಒಂದೇ ಇದ್ದು ಅರ್ಥ ಬೇರೆಯಾಗಿರುವ ಐದು ಶಬ್ದಗಳನ್ನು ಪಟ್ಟಿಮಾಡಿರಿ.
3. ‘ಮೊದಲ ಘಟಕ ಪರೀಕ್ಷೆಯ ಸೋಲು ಭಾಷೆಯ ಸೋಲಲ್ಲ, ಯೋಜನೆಯ ಕೊರತೆ’ ಎಂಬ ಮಾತನ್ನು ಪಾಲಕರಿಗೆ ಯಾವ ಉದಾಹರಣೆಗಳಿಂದ ಮನಗಾಣಿಸುವಿರಿ?